ಹುಳಿಗೆ ಹಾಕಿದ ಸಿಹಿಗುಂಬಳ ಪಾಯಸವಾಗದಿರಲು ಏನು ಮಾಡಬೇಕು?

ಬಾಲ್ಕನಿ ತೋಟ, ಬೆಂಗಳೂರು

ಊರಿನಿಂದ ಬಂದಿದ್ದ ಭಾವ ಒಂದು ಇಡೀ ಸಿಹಿಗುಂಬಳವನ್ನು ಮನೆಯಲ್ಲಿಟ್ಟು ಹೋಗಿದ್ದಾರೆ. ತೂಕ ಆರು ಕಿಲೋಗೆ ಕಡಿಮೆಯಿಲ್ಲ. ತಿನ್ನುವವರು ಮೂವರು. ಗಾರಿಗೆ, ಹಲ್ವ, ಕಡುಬು ಎಂದು ದಯವಿಟ್ಟು ಯಾರೂ ಬರೆಯಬೇಡಿ. ಮನೆಯವರಿಗೆ ಸಕ್ಕರೆ ಕಾಯಿಲೆ ಇರುವುದರಿಂದ ಸಿಹಿ ಮಾಡುವುದನ್ನೇ ಬಿಟ್ಟಿದ್ದೇವೆ. ಅನ್ನಕ್ಕೆ ಕಲಸಿಕೊಳ್ಳುವ, ರೊಟ್ಟಿ ಚಪಾತಿಗೆ ನೆಂಚಿಕೊಳ್ಳುವ ಅಡುಗೆಗಳು ಬೇಕು.

ನನ್ನ ತೊಂದರೆ ಇಷ್ಟು. ಅಂಗಡಿಯಿಂದ ಹೋಳು ತಂದು ಹುಳಿ ಮಾಡಿದರೆ ಒಂದು ಸಲ ಹೋಳುಗಳೆಲ್ಲ ಕರಗಿ ಬೇಳೆಯೊಳಗೆ ಸೇರಿಬಿಡುತ್ತವೆ. ಇನ್ನೊಂದು ಸಲ ಎಷ್ಟು ಬೇಯಿಸಿದರೂ ನಾರುನಾರು. ಮತ್ತೊಂದು ಸಲ ಹುಳಿಪುಡಿ ಎಷ್ಟು ಹಾಕಿದರೂ ಸಿಹಿಯೇ ಮುಂದೆ ಬರುತ್ತದೆ. ಅಳತೆ ಅದೇ, ಪಾತ್ರೆ ಅದೇ. ಕಾಯಿಯನ್ನು ಆರಿಸುವುದರಲ್ಲಿ ಏನಾದರೂ ಗುಟ್ಟು ಇದೆಯೇ? ಈ ದೊಡ್ಡ ಕಾಯಿಯನ್ನು ಒಡೆಯದೆ ಎಷ್ಟು ದಿನ ಇಡಬಹುದು?

ಮೈಸೂರು ಹುಳಿಪುಡಿ

ಮೊದಲು ಒಂದು ಪ್ರಶ್ನೆ. ಹೋಳನ್ನು ಬೇಳೆಯ ಜೊತೆಗೇ ಕುಕ್ಕರಿಗೆ ಹಾಕುವವರೋ ನೀವು?

ಬಾಲ್ಕನಿ ತೋಟ, ಬೆಂಗಳೂರು

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಹೌದು, ಜೊತೆಗೇ ಹಾಕುತ್ತೇನೆ. ಬೆಳಗ್ಗೆ ಕಚೇರಿಗೆ ಹೊರಡುವವರು ಮತ್ತೇನು ಮಾಡಬೇಕು ಹೇಳಿ.

ಮೈಸೂರು ಹುಳಿಪುಡಿ

ಅರ್ಧ ಉತ್ತರ ಅಲ್ಲೇ ಇದೆ. ತೊಗರಿಬೇಳೆ ಬೇಯಲು ಮೂರು ನಾಲ್ಕು ಸೀಟಿ ಬೇಕು, ಸಿಹಿಗುಂಬಳಕ್ಕೆ ಒಂದು ಸೀಟಿಯೇ ಹೆಚ್ಚು. ಬೇಳೆ ಬೆಂದ ಮೇಲೆ ಅದರ ಕಟ್ಟನ್ನು ಸ್ವಲ್ಪ ಬಸಿದು ಬೇರೆ ಪಾತ್ರೆಯಲ್ಲಿ ಹೋಳನ್ನು ಬೇಯಿಸಿ. ಎಂಟು ಹತ್ತು ನಿಮಿಷದಲ್ಲಿ ಚಾಕುವಿನ ತುದಿ ಇಳಿಯುತ್ತದೆ. ಆಗ ಬೇಳೆ, ಹುಣಸೆ ರಸ, ಪುಡಿ ಸೇರಿಸಿ ಕುದಿಸಿದರಾಯಿತು. ಹೋಳು ದೊಡ್ಡದಿರಲಿ, ಸಿಪ್ಪೆ ತೆಗೆಯಬೇಡಿ.

ಶಿರಸಿ ಹಿತ್ತಲು

ಕುಕ್ಕರಿನದು ಅರ್ಧ ಉತ್ತರವಾದರೆ ಉಳಿದರ್ಧ ಕಾಯಿಯದು. ನಾವು ಹಿತ್ತಲಲ್ಲಿ ಬೆಳೆಯುವವರು, ಆದ್ದರಿಂದ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಬೆಳೆದ ಕಾಯಿಯ ಗುರುತು ಬಣ್ಣವಲ್ಲ, ತೊಟ್ಟು. ತೊಟ್ಟು ಹಸಿರಾಗಿದ್ದು ರಸ ಒಸರುತ್ತಿದ್ದರೆ ಅದು ಎಳೆಯದು. ಒಣಗಿ ಕಟ್ಟಿಗೆಯಾಗಿದ್ದರೆ ಬಲಿತದ್ದು. ಹೆಬ್ಬೆರಳಿನ ಉಗುರನ್ನು ಸಿಪ್ಪೆಗೆ ಒತ್ತಿ ನೋಡಿ, ಇಳಿಯಬಾರದು. ನೆಲಕ್ಕೆ ತಾಗಿದ್ದ ಮಗ್ಗುಲು ಬಿಳಿಚಿಕೊಂಡಿರದೆ ಹಳದಿಗೆ ತಿರುಗಿರಬೇಕು. ಸಿಪ್ಪೆ ಮಿರಮಿರ ಹೊಳೆಯುತ್ತಿದ್ದರೆ ಇನ್ನೂ ಬಲಿತಿಲ್ಲ ಎಂದು ಅರ್ಥ. ಗಾತ್ರಕ್ಕೆ ತಕ್ಕ ಭಾರ ಇರಬೇಕು. ಸೂಜಿಮೊನೆಯಷ್ಟು ತೂತುಗಳಿದ್ದರೆ ಬಿಡಿ, ಹಣ್ಣುನೊಣ ಮೊಟ್ಟೆಯಿಟ್ಟ ಜಾಗ ಅದು, ಒಳಗೆ ಹುಳು ಇರುತ್ತದೆ.

ಈಗ ಸಿಹಿಯ ವಿಷಯ. ಬಳ್ಳಿಯಿಂದ ಆಗಷ್ಟೇ ಕೊಯ್ದ ಬಲಿತ ಕಾಯಿಯಲ್ಲಿ ಹಿಟ್ಟಿನ ಅಂಶ ಹೆಚ್ಚು. ಇಟ್ಟಷ್ಟು ದಿನ ಆ ಹಿಟ್ಟು ಸಕ್ಕರೆಗೆ ತಿರುಗುತ್ತ ಹೋಗುತ್ತದೆ. ಹಾಗಾಗಿ ಪಲ್ಯ, ಹುಳಿಗೆ ಬೇಕಾದವರು ಕೊಯ್ದ ಹೊಸದರಲ್ಲೇ ಒಡೆಯಬೇಕು. ಕಡುಬಿಗೆ, ಹಲ್ವಕ್ಕೆ ಬೇಕಾದವರು ಅಟ್ಟಕ್ಕೆ ಏರಿಸಬೇಕು. ತೀರಾ ಹಳತಾದರೆ ಸಿಹಿಯೂ ಇಳಿದು ನೀರುನೀರಾಗಿ ನಾರು ಮಾತ್ರ ಉಳಿಯುತ್ತದೆ. ನಿಮಗೆ ಸಿಕ್ಕಿದ ಆ ನಾರುನಾರು ಹೋಳು ಬಹುಶಃ ಅಂಥದ್ದೇ.

ಇಡುವುದಾದರೆ ತೊಟ್ಟು ಮುರಿಯಬೇಡಿ. ತೊಟ್ಟು ಮುರಿದ ಜಾಗದಿಂದಲೇ ಕೊಳೆ ಶುರುವಾಗುವುದು. ತೊಳೆಯಲೂ ಬೇಡಿ. ನಮ್ಮ ಕಡೆ ಬಾಳೆನಾರಿನ ಹಗ್ಗದಲ್ಲಿ ಕಟ್ಟಿ ಜಂತಿಗೆ ತೂಗುಹಾಕುವುದು ಇದೇ ಕಾರಣಕ್ಕೆ: ಸುತ್ತ ಗಾಳಿಯಾಡಬೇಕು, ನೆಲದ ತೇವ ತಾಗಬಾರದು. ಫ್ಲ್ಯಾಟಿನಲ್ಲಿ ಜಂತಿ ಎಲ್ಲಿದೆ? ನೆರಳಿರುವ ಮೂಲೆಯಲ್ಲಿ ಗೋಣಿಚೀಲ ಮಡಚಿ ಅದರ ಮೇಲೆ ಇಡಿ, ವಾರಕ್ಕೊಮ್ಮೆ ಮಗ್ಗುಲು ಬದಲಿಸಿ. ಗಾಯವಿಲ್ಲದ ಕಾಯಿಯಾದರೆ ಎರಡು ತಿಂಗಳು ಧಾರಾಳವಾಗಿ ಬಾಳುತ್ತದೆ. ಇಡೀ ಕಾಯಿಯನ್ನು ಫ್ರಿಜ್ಜಿನಲ್ಲಿ ತುರುಕಬೇಡಿ. 10 ಡಿಗ್ರಿಗಿಂತ ಕಡಿಮೆ ಚಳಿಯಲ್ಲಿ ಬಹಳ ದಿನ ಇಟ್ಟರೆ ಒಳಗಿಂದಲೇ ಕೆಡುತ್ತದೆ.

ಬೀಜದ ಡಬ್ಬಿ

ತೋಟಗಾರಿಕೆ ಓದಿದವನು, ಒಂದೆರಡು ಮಾತು ಸೇರಿಸುತ್ತೇನೆ. ಅಳತೆ ಅದೇ ಇದ್ದರೂ ಫಲಿತಾಂಶ ಬೇರೆಯಾಗಲು ಇನ್ನೊಂದು ಕಾರಣವಿದೆ. ಅಂಗಡಿಯವರು ಸಿಹಿಗುಂಬಳ ಎಂದು ಒಂದೇ ಹೆಸರಿನಲ್ಲಿ ಮಾರುವುದು ಒಂದೇ ಜಾತಿಯ ಕಾಯಿಯನ್ನಲ್ಲ.

ನಮ್ಮ ಹಿತ್ತಲುಗಳ ಕಾಯಿ ಹೆಚ್ಚಾಗಿ ಕುಕುರ್ಬಿಟಾ ಮೊಸ್ಕಾಟಾ. ಅದರ ತೊಟ್ಟು ಗಟ್ಟಿ, ಐದು ಏಣುಗಳಿರುತ್ತವೆ, ಕಾಯಿಗೆ ಸೇರುವಲ್ಲಿ ಅಗಲವಾಗಿ ಹರಡಿಕೊಂಡಿರುತ್ತದೆ. ಕುಕುರ್ಬಿಟಾ ಮ್ಯಾಕ್ಸಿಮಾ ಜಾತಿಯದರ ತೊಟ್ಟು ದುಂಡಗೆ, ದಪ್ಪಗೆ, ಒಣಗಿದಾಗ ಬೆಂಡು ಬೆಂಡು. ಮೊಸ್ಕಾಟಾದ ತಿರುಳಿನಲ್ಲಿ ನೀರಿನಂಶ ಹೆಚ್ಚು, ಹೋಳು ಆಕಾರ ಉಳಿಸಿಕೊಳ್ಳುತ್ತದೆ. ಮ್ಯಾಕ್ಸಿಮಾದ ಹಲವು ತಳಿಗಳ ತಿರುಳು ಹಿಟ್ಟುಹಿಟ್ಟು, ಬೆಂದರೆ ಪುಡಿಯಾಗುತ್ತದೆ. ಅಂಥದ್ದನ್ನು ಹುಳಿಗೆ ಹಾಕುವುದಕ್ಕಿಂತ ಪಲ್ಯ ಮಾಡುವುದೇ ಸರಿ.

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ತಳಿಗಳಲ್ಲೇ ಎರಡೂ ಇವೆ. ಅರ್ಕ ಚಂದನ್ ಮೊಸ್ಕಾಟಾ ಜಾತಿಯದು, ಎರಡು ಮೂರು ಕಿಲೋ ತೂಗುತ್ತದೆ, ಬಲಿತಾಗ ಸಿಪ್ಪೆ ತಿಳಿಕಂದು. ಅರ್ಕ ಸೂರ್ಯಮುಖಿ ಮ್ಯಾಕ್ಸಿಮಾ ಜಾತಿಯದು, ಒಂದರಿಂದ ಒಂದೂವರೆ ಕಿಲೋ, ಕಿತ್ತಳೆ ಬಣ್ಣದ ಮೇಲೆ ಬಿಳಿ ಪಟ್ಟೆಗಳು. ಇಬ್ಬರು ಮೂವರ ಮನೆಗೆ ಈ ಸಣ್ಣ ಕಾಯಿಗಳೇ ಅನುಕೂಲ, ಒಡೆದ ಮೇಲೆ ಉಳಿದದ್ದನ್ನು ಏನು ಮಾಡುವುದು ಎಂಬ ಚಿಂತೆಯಿಲ್ಲ.

ಅಂದ ಹಾಗೆ, ಮೊದಲ ಪ್ರಶ್ನೆ ಕೇಳಿದವರಿಗೆ: ಸಿಹಿಗುಂಬಳದಲ್ಲಿ ನೂರು ಗ್ರಾಮಿಗೆ 90 ಗ್ರಾಮಿಗೂ ಹೆಚ್ಚು ನೀರೇ ಇರುತ್ತದೆ, ಶರ್ಕರಪಿಷ್ಟ ಆರೇಳು ಗ್ರಾಮಿನ ಆಸುಪಾಸು. ಹೆಸರಿನಲ್ಲಿ ಸಿಹಿ ಇದೆ ಎಂದ ಮಾತ್ರಕ್ಕೆ ಹೆದರಬೇಕಿಲ್ಲ. ಜೊತೆಗೆ ಬಡಿಸುವ ಅನ್ನದ ಕಡೆ ಗಮನ ಇರಲಿ, ಉಳಿದದ್ದು ನಿಮ್ಮ ವೈದ್ಯರು ಹೇಳಿದಂತೆ.

ಸಂತೆ ತಕ್ಕಡಿ

ಇಡೀ ಕಾಯಿಯ ಲಕ್ಷಣ ಎಲ್ಲರೂ ಹೇಳಿದಿರಿ. ಆದರೆ ಪೇಟೆಯಲ್ಲಿ ಇಡೀ ಕಾಯಿ ಕೊಳ್ಳುವವರು ಎಷ್ಟು ಜನ? ನಾನು ತರಕಾರಿ ವ್ಯಾಪಾರದವನು. ಗಿರಾಕಿಗಳು ಅರ್ಧ ಕಿಲೋ ಕೊಡಿ ಎನ್ನುತ್ತಾರೆ, ನಾವು ಸೀಳಿ ಕೊಡುತ್ತೇವೆ. ಆದ್ದರಿಂದ ಸೀಳಿನ ಲಕ್ಷಣ ಕೇಳಿ.

ಬೀಜ ಮತ್ತು ಬೀಜದ ಸುತ್ತಲಿನ ನಾರನ್ನು ಕೆರೆದು ತೆಗೆದಿಟ್ಟ ಸೀಳನ್ನು ಕೊಳ್ಳಬೇಡಿ. ಚೊಕ್ಕಟವಾಗಿದೆ ಎಂದು ಗಿರಾಕಿಗೆ ಸಂತೋಷ, ಆದರೆ ಕಾಯಿಯ ವಯಸ್ಸು ಹೇಳುವುದೇ ಆ ಭಾಗ. ಬೀಜ ಉಬ್ಬಿಕೊಂಡು ಗಟ್ಟಿಯಾಗಿರಬೇಕು. ಬೀಜ ಚಪ್ಪಟೆಯಾಗಿ ಒಳಗೆ ಏನೂ ಇಲ್ಲದಿದ್ದರೆ ಕಾಯಿ ಬಲಿಯುವ ಮೊದಲೇ ಕೊಯ್ದದ್ದು. ನಾರು ಲೋಳೆಲೋಳೆಯಾಗಿದ್ದರೆ ಸೀಳಿ ಎರಡು ದಿನ ಕಳೆದಿದೆ, ಮೂಸಿದರೆ ಹುಳಿವಾಸನೆಯೂ ಬರುತ್ತದೆ. ತಿರುಳು ಎರಡು ಬೆರಳು ದಪ್ಪವಾದರೂ ಇರಲಿ. ಸಿಪ್ಪೆಯ ಒಳಗೆ ಹಸಿರು ಗೆರೆ ಕೂದಲೆಳೆಯಷ್ಟು ತೆಳುವಾಗಿದ್ದರೆ ಚೆನ್ನಾಗಿ ಬಲಿತದ್ದು, ಅಗಲವಾಗಿದ್ದರೆ ಎಳೆಯದು.

ಇನ್ನೊಂದು ಮಾತು. ಕೆಂಪಗಿದ್ದಷ್ಟೂ ಒಳ್ಳೆಯದು ಎಂದು ಎಲ್ಲರೂ ಕೆಂಪು ಸೀಳನ್ನೇ ಹುಡುಕುತ್ತಾರೆ. ಹುಳಿಗೆ, ಸಾಗುವಿಗೆ ತಿಳಿಹಳದಿ ತಿರುಳಿನದೇ ಮೇಲು, ಸಿಹಿ ಕಡಿಮೆ. ಕೇಟರಿಂಗಿನವರು ಅದನ್ನೇ ಕೇಳಿ ಒಯ್ಯುತ್ತಾರೆ, ಬೆಲೆಯೂ ಒಂದೆರಡು ರೂಪಾಯಿ ಕಡಿಮೆ.

ಮನೆಗೆ ಹೋದ ಮೇಲೆ ಬೀಜ ನಾರು ತೆಗೆದು, ತೆಳುಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಡಿ. ನಾಲ್ಕು ದಿನದೊಳಗೆ ಮುಗಿಸಿ.

ಪುತ್ತೂರು ಮೆಟ್ಟುಕತ್ತಿ

ನಮ್ಮಲ್ಲಿ ನೀವು ಹೇಳುತ್ತಿರುವ ಕಾಯಿ ಚೀನಿಕಾಯಿ. ಕುಂಬಳಕಾಯಿ ಎಂದರೆ ಬೂದುಗುಂಬಳ. ಬೆಂಗಳೂರಿನಿಂದ ಬಂದ ಸೊಸೆಗೆ ಕುಂಬಳಕಾಯಿ ತಾ ಎಂದರೆ ಚೀನಿಕಾಯಿ ಹಿಡಿದು ಬಂದು ಮಜ್ಜಿಗೆ ಹುಳಿ ಎಲ್ಲಾ ಕೆಂಪಾದ ಮನೆಗಳು ಇವೆ, ಯಾವ ಮನೆ ಎಂದು ಕೇಳಬೇಡಿ.

ಕಲಸಿಕೊಳ್ಳಲು ನಮ್ಮದು ಬೋಳು ಹುಳಿ. ಬೇಳೆ ಇಲ್ಲ, ತೆಂಗಿನಕಾಯಿ ಇಲ್ಲ, ರುಬ್ಬುವ ಕೆಲಸವೇ ಇಲ್ಲ. ಸಿಪ್ಪೆ ಸಮೇತ ಎರಡು ಅಂಗುಲದ ಹೋಳು ಮಾಡಿ. ಹೋಳು ಮುಳುಗುವಷ್ಟೇ ನೀರು, ಉಪ್ಪು, ಸೀಳಿದ ಹಸಿಮೆಣಸು ನಾಲ್ಕೈದು, ಹುಣಸೆ ರಸ, ಗೋಲಿ ಗಾತ್ರದ ಬೆಲ್ಲ. ಎಲ್ಲವನ್ನೂ ಒಟ್ಟಿಗೇ ಹಾಕಿ ಮುಚ್ಚಿ ಬೇಯಿಸಿ. ತೆಂಗಿನೆಣ್ಣೆಯಲ್ಲಿ ಜಜ್ಜಿದ ಬೆಳ್ಳುಳ್ಳಿ ಕೆಂಪಾಗುವವರೆಗೆ ಹುರಿದು, ಸಾಸಿವೆ, ಒಣಮೆಣಸು, ಕರಿಬೇವು ಹಾಕಿ ಒಗ್ಗರಣೆ ಕೊಡಿ. ಕುಚ್ಚಲಕ್ಕಿ ಅನ್ನಕ್ಕೆ ಇದಕ್ಕಿಂತ ಒಳ್ಳೆಯ ಜೊತೆ ಬೇಡ. ಮರುದಿನ ಇನ್ನೂ ಚೆನ್ನಾಗಿರುತ್ತದೆ. ಬೆಳ್ಳುಳ್ಳಿ ತಿನ್ನದವರು ಇಂಗು ಹಾಕಿಕೊಳ್ಳಲಿ, ಆದರೆ ಆಗ ಅದು ಬೇರೆಯದೇ ಪದಾರ್ಥ.

ಧಾರವಾಡದ ರೊಟ್ಟಿ

ಸಿಹಿ ಬೇಡ ಎಂದು ಕೇಳಿದವರಿಗೆ ಬೆಲ್ಲ ಹಾಕಿ ಎನ್ನುತ್ತೀರಲ್ಲ! ಸಿಹಿಗುಂಬಳಕ್ಕೆ ಬೆಲ್ಲ ಹಾಕುವ ಪದ್ಧತಿ ನನಗೆ ಇಂದಿಗೂ ಅರ್ಥವಾಗಿಲ್ಲ. ಕಾಯಿಯೇ ತಂದುಕೊಟ್ಟಿದೆ, ಮತ್ತೇಕೆ ಮೇಲೆ ಸುರಿಯಬೇಕು?

ಪುತ್ತೂರು ಮೆಟ್ಟುಕತ್ತಿ

ಗೋಲಿ ಗಾತ್ರ ಎಂದಿದ್ದೇನೆ, ಅಚ್ಚು ಎಂದಿಲ್ಲ. ಹುಣಸೆ ಹುಳಿಯ ಮೊನೆ ಮುರಿಯಲು ಅದು ಬೇಕು.

ಮೈಸೂರು ಹುಳಿಪುಡಿ

ನಾನು ಪುತ್ತೂರಿನವರ ಪಕ್ಷ. ಬೆಲ್ಲವಿಲ್ಲದ ಹುಳಿಯಲ್ಲಿ ಸಿಹಿಗುಂಬಳದ ಹೋಳು ಒಂದೇ ಸಿಹಿಯಾಗಿ, ರಸ ಒಂದೇ ಹುಳಿಯಾಗಿ, ಎರಡೂ ಬೇರೆಬೇರೆ ಮನೆಯವರ ಹಾಗೆ ಕುಳಿತಿರುತ್ತವೆ.

ಧಾರವಾಡದ ರೊಟ್ಟಿ

ಸರಿ, ನಿಮ್ಮ ನಿಮ್ಮ ಮನೆಯ ಹುಳಿ ನಿಮಗೆ ರುಚಿ. ನಾನು ಹೇಳುವುದು ಬೇರೆ ದಾರಿ. ಸಿಹಿಯನ್ನು ಎದುರಿಸಲು ಎಲ್ಲರೂ ಖಾರದ ಪುಡಿ ಹೆಚ್ಚಿಸುತ್ತಾರೆ. ಖಾರ ಹೆಚ್ಚಿದಷ್ಟೂ ಸಿಹಿಯೂ ಎದ್ದು ಕಾಣುತ್ತದೆ, ನಾಲಿಗೆ ಮಾತ್ರ ಉರಿಯುತ್ತದೆ. ಬೇಕಾದದ್ದು ಕಹಿ. ಎಣ್ಣೆ ಕಾದಾಗ ಅರ್ಧ ಚಮಚ ಮೆಂತ್ಯದ ಕಾಳನ್ನು ಕಂದು ಬಣ್ಣ ಬರುವವರೆಗೆ ಹುರಿಯಿರಿ, ಕಪ್ಪಾಗಬಾರದು. ಆಮೇಲೆ ಸಾಸಿವೆ, ಜೀರಿಗೆ, ಜಜ್ಜಿದ ಬೆಳ್ಳುಳ್ಳಿ, ಈರುಳ್ಳಿ. ಸಿಹಿಗುಂಬಳದ ಸಣ್ಣ ಹೋಳು ಹಾಕಿ ಉಪ್ಪು, ಅರಿಸಿನ, ಖಾರದ ಪುಡಿ ಬೆರೆಸಿ ತಟ್ಟೆ ಮುಚ್ಚಿ. ಪಲ್ಯಕ್ಕೆ ಒಂದು ಹನಿ ನೀರೂ ಬೇಡ, ಮುಚ್ಚಿದ ತಟ್ಟೆಯ ಮೇಲೆ ನೀರು ನಿಲ್ಲಿಸಿ, ಆ ಹಬೆಯಲ್ಲೇ ಬೇಯುತ್ತದೆ. ಇಳಿಸುವಾಗ ಎರಡು ಚಮಚ ಗುರೆಳ್ಳು (ಹುಚ್ಚೆಳ್ಳು) ಪುಡಿ. ಗುರೆಳ್ಳಿನಲ್ಲೂ ಒಂದು ಸಣ್ಣ ಕಹಿ ಇದೆ, ಅದೇ ಇಲ್ಲಿ ಕೆಲಸ ಮಾಡುವುದು. ಬಿಸಿ ಜೋಳದ ರೊಟ್ಟಿ, ಮೊಸರು.

ಉತ್ತರ ಭಾರತದವರು ಪೂರಿಯ ಜೊತೆ ಮಾಡುವ ‘ಕದ್ದು’ (ಸಿಹಿಗುಂಬಳ) ಪಲ್ಯದ ಒಗ್ಗರಣೆಯಲ್ಲೂ ಮೆಂತ್ಯವೇ ಮುಖ್ಯ, ಹುಳಿಗೆ ಅವರು ಮಾವಿನಕಾಯಿ ಪುಡಿ ಹಾಕುತ್ತಾರೆ. ಇಷ್ಟು ದೂರದ ಎರಡು ಅಡುಗೆಮನೆಗಳು ಒಂದೇ ಕಾಳಿಗೆ ಕೈ ಹಾಕಿರುವುದು ಸುಮ್ಮನೆ ಅಲ್ಲ.

ಬೀಜದ ಡಬ್ಬಿ

ಹೋಳು ಕರಗುವ ವಿಷಯಕ್ಕೆ ಮತ್ತೆ ಬರುತ್ತೇನೆ. ಪುತ್ತೂರಿನವರು ಹುಣಸೆ ರಸವನ್ನು ಮೊದಲೇ ಹಾಕಿ ಎಂದರು, ಮೈಸೂರಿನವರು ಬೆಂದ ಮೇಲೆ ಎಂದರು. ಎರಡೂ ಸರಿ, ಉದ್ದೇಶ ಬೇರೆ. ತರಕಾರಿಯ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿರುವುದು ಪೆಕ್ಟಿನ್. ಕುದಿಯುವ ನೀರಿನಲ್ಲಿ ಅದು ಕರಗುವುದರಿಂದಲೇ ಹೋಳು ಮೆತ್ತಗಾಗುವುದು. ಹುಳಿ ಇದ್ದರೆ ಪೆಕ್ಟಿನ್ ನಿಧಾನವಾಗಿ ಕರಗುತ್ತದೆ. ಆದ್ದರಿಂದ ಹುಣಸೆ ರಸದಲ್ಲೇ ಬೇಯಿಸಿದ ಹೋಳು ತಡವಾಗಿ ಬೇಯುತ್ತದೆ, ಆದರೆ ಅಂಚು ಒಡೆಯುವುದಿಲ್ಲ. ನಿಮ್ಮ ಕಾಯಿ ಬೇಗ ಕರಗುವ ಜಾತಿಯದಾದರೆ ಹುಣಸೆ ಮೊದಲು. ನಾರಿನದಾದರೆ ಹುಣಸೆ ಕೊನೆಗೆ. ಬೇಳೆಗೆ ಮಾತ್ರ ಯಾವಾಗಲೂ ಕೊನೆಗೇ, ಹುಳಿ ತಾಗಿದ ಬೇಳೆ ಬೇಯುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು.

ಸುಣ್ಣವೂ ಇದೇ ಕೆಲಸವನ್ನು ಇನ್ನೂ ಬಲವಾಗಿ ಮಾಡುತ್ತದೆ. ಆಗ್ರಾದ ಪೇಟಾಕ್ಕೆ ಬೂದುಗುಂಬಳದ ಹೋಳನ್ನು ಸುಣ್ಣದ ನೀರಿನಲ್ಲಿ ನೆನೆಸುವುದು ಅದಕ್ಕೇ, ಪಾಕದಲ್ಲಿ ಕುದಿಸಿದರೂ ಹೋಳು ನಿಲ್ಲುತ್ತದೆ. ಕೊಳವೆಬಾವಿಯ ಗಡಸು ನೀರಿನಲ್ಲಿ ಅಡುಗೆ ಮಾಡುವವರಿಗೆ ತರಕಾರಿ ತಡವಾಗಿ ಬೇಯುವುದಕ್ಕೂ ನೀರಿನಲ್ಲಿರುವ ಕ್ಯಾಲ್ಸಿಯಂ ಕಾರಣ.

ಗಡಿನಾಡಿನವರು, ಕಾಸರಗೋಡು

ಬೇಳೆಯ ಹುಳಿ ಬಿಟ್ಟು ಬೇರೆ ಏನು ಎಂದರೆ ನಾನು ಕೇರಳದ ಎರಿಶ್ಶೇರಿ ಎನ್ನುತ್ತೇನೆ. ನಮ್ಮ ಮನೆಯಲ್ಲಿ ಕನ್ನಡ ಮಾತು, ಓಣಂ ಹಬ್ಬದೂಟದ ಎಲೆಯಲ್ಲಿ ಮಾತ್ರ ನೆರೆಯವರ ಪದಾರ್ಥಗಳೆಲ್ಲ ಇರುತ್ತವೆ. ಕೆಂಪು ಅಲಸಂದೆ ಕಾಳನ್ನು ನೆನೆಸಿ ಬೇಯಿಸಿ. ಸಿಹಿಗುಂಬಳದ ಹೋಳನ್ನು ಅರಿಸಿನ, ಮೆಣಸಿನ ಪುಡಿ, ಉಪ್ಪಿನೊಂದಿಗೆ ಬೇರೆಯಾಗಿ ಬೇಯಿಸಿ ಸೌಟಿನಲ್ಲಿ ಅರ್ಧದಷ್ಟು ಮಸೆಯಿರಿ. ಇಲ್ಲಿ ಕರಗಿದರೆ ದೋಷವಲ್ಲ, ಕರಗಲೇಬೇಕು. ತೆಂಗಿನಕಾಯಿ, ಜೀರಿಗೆಯನ್ನು ತರಿಯಾಗಿ ರುಬ್ಬಿ ಸೇರಿಸಿ ಒಂದು ಕುದಿ ಕುದಿಸಿ. ಹುಣಸೆ ಇಲ್ಲ, ಬೆಲ್ಲವೂ ಇಲ್ಲ, ಧಾರವಾಡದವರಿಗೆ ಸಮಾಧಾನವಾಗಬಹುದು.

ಇದರ ಜೀವ ಇರುವುದು ಕೊನೆಯ ಒಗ್ಗರಣೆಯಲ್ಲಿ. ಒಂದು ಹಿಡಿ ತುಂಬ ತೆಂಗಿನತುರಿಯನ್ನು ತೆಂಗಿನೆಣ್ಣೆಯಲ್ಲಿ ಸಾಸಿವೆ, ಒಣಮೆಣಸು, ಕರಿಬೇವಿನ ಜೊತೆ ಸಣ್ಣ ಉರಿಯಲ್ಲಿ ಹುರಿಯಬೇಕು. ಹೊನ್ನಿನ ಬಣ್ಣಕ್ಕೆ ನಿಲ್ಲಿಸಬೇಡಿ, ಇನ್ನೂ ಸ್ವಲ್ಪ ಮುಂದೆ ಹೋಗಿ, ಅಡಕೆ ಬಣ್ಣ ಬರಲಿ. ಹುರಿದ ಕಾಯಿಯ ಆ ಕಹಿಮಿಶ್ರಿತ ಪರಿಮಳವೇ ಸಿಹಿಗುಂಬಳವನ್ನು ಹಿಡಿದು ನಿಲ್ಲಿಸುವುದು. ಕಾಳು ಇರುವುದರಿಂದ ಸಕ್ಕರೆ ಕಾಯಿಲೆಯವರಿಗೂ ಬರಿಯ ತರಕಾರಿಗಿಂತ ಹೊಟ್ಟೆ ತುಂಬುತ್ತದೆ.

ಹಳೆ ಸೌಟು

ಹಾಲು ಹಾಕಿ ಹಲ್ವ ಮಾಡಿ, ಆರು ಕಿಲೋ ಒಂದೇ ದಿನದಲ್ಲಿ ಮುಗಿಯುತ್ತದೆ.

ಧಾರವಾಡದ ರೊಟ್ಟಿ

ಮೊದಲ ಬರಹ ಓದದೆ ಉತ್ತರ ಕೊಡುವವರು ಪ್ರತಿ ಚರ್ಚೆಯಲ್ಲೂ ಒಬ್ಬರು ಇರುತ್ತಾರೆ.

ಶಿರಸಿ ಹಿತ್ತಲು

ಸಾಸಿವೆಯನ್ನು ಯಾರೂ ಹೇಳಲಿಲ್ಲ, ಆದ್ದರಿಂದ ನಾನೇ ಬರೆಯುತ್ತೇನೆ. ಒಗ್ಗರಣೆಯ ಸಾಸಿವೆಯಲ್ಲ, ಪದಾರ್ಥದ ಹೆಸರೇ ಸಾಸಿವೆ. ಸಿಹಿಗುಂಬಳವನ್ನು ಸಣ್ಣ ಹೋಳು ಮಾಡಿ ಉಪ್ಪು ಹಾಕಿ, ಸ್ವಲ್ಪವೇ ನೀರಿನಲ್ಲಿ ಬೇಯಿಸಿ ಪೂರ್ತಿ ಆರಲು ಬಿಡಿ. ತೆಂಗಿನತುರಿ, ಒಂದು ಒಣಮೆಣಸು, ಅರ್ಧ ಚಮಚ ಹಸಿ ಸಾಸಿವೆಯನ್ನು ತಣ್ಣೀರಿನಲ್ಲಿ ರುಬ್ಬಿ ಹೋಳಿಗೆ ಬೆರೆಸಿ ಮೊಸರು ಸೇರಿಸಿ. ಒಲೆಯ ಮೇಲೆ ಮತ್ತೆ ಇಡಬಾರದು. ಸಾಸಿವೆಯ ಘಾಟು ಹುಟ್ಟುವುದು ಕಾಳು ಜಜ್ಜಿ ತಣ್ಣೀರು ತಾಗಿದಾಗ. ಬಿಸಿ ತಾಗಿದರೆ ಆ ಘಾಟು ಹುಟ್ಟುವುದೇ ಇಲ್ಲ, ಬರಿಯ ಕಹಿ ಉಳಿಯುತ್ತದೆ. ರುಬ್ಬಿ ಹತ್ತು ನಿಮಿಷ ಬಿಟ್ಟು ಬೆರೆಸಿದರೆ ಮೂಗಿಗೆ ಏರುತ್ತದೆ. ಮೂಗಿಗೆ ಏರುವ ಘಾಟು, ಮೊಸರಿನ ತಣ್ಣನೆಯ ಹುಳಿ, ನಡುವೆ ಸಿಹಿ ಹೋಳು. ನನ್ನ ಮಟ್ಟಿಗೆ ಈ ಕಾಯಿಗೆ ಇದಕ್ಕಿಂತ ಮೇಲಿನ ಪದಾರ್ಥವಿಲ್ಲ. ಹೊಸ ಕಾಯಿಗಿಂತ ತಿಂಗಳು ಇಟ್ಟ ಕಾಯಿಯೇ ಇದಕ್ಕೆ ಚೆನ್ನ, ಏಕೆಂದರೆ ಇಲ್ಲಿ ಸಿಹಿ ಬೇಕು.

ಮಡಿಕೇರಿ ಮಳೆ

ಕೊಡಗಿನ ಕುಂಬಳ ಕರಿಯನ್ನು ಮರೆತಿರಿ. ಈರುಳ್ಳಿ, ಹಸಿಮೆಣಸು, ಸಾಸಿವೆ, ಜೀರಿಗೆ, ಕೊಂಚ ಬೆಲ್ಲ. ಅಕ್ಕಿತರಿಯ ಉಂಡೆ ಕಡಂಬುಟ್ಟಿನ ಜೊತೆ. ಪಂದಿ ಕರಿಯ ಪಕ್ಕದಲ್ಲಿ ಬಡಿಸಿದರೆ ಅದರ ಖಾರಕ್ಕೆ ಇದರ ಸಿಹಿ ಸರಿಹೋಗುತ್ತದೆ. ಸಿಹಿಯನ್ನು ಪಾತ್ರೆಯಲ್ಲೇ ಕೊಲ್ಲಬೇಕೆಂದು ಏಕೆ ಹಟ? ಎಲೆಯಲ್ಲಿ ಪಕ್ಕದಲ್ಲಿ ಏನಿದೆ ಎಂದೂ ನೋಡಬೇಕು.

ಹೊರನಾಡು, ನ್ಯೂಜೆರ್ಸಿ

ಇಲ್ಲಿರುವ ಕನ್ನಡಿಗರಿಗಾಗಿ ನಾಲ್ಕು ಮಾತು. ಅಕ್ಟೋಬರಿನಲ್ಲಿ ಅಂಗಡಿಗಳ ಮುಂದೆ ರಾಶಿ ಹಾಕುವ ದೊಡ್ಡ ಕಿತ್ತಳೆ ಬಣ್ಣದ ಕಾಯಿಗಳನ್ನು ನೋಡಿ ಆಸೆಪಟ್ಟು ತರಬೇಡಿ. ಅವು ಹ್ಯಾಲೋವೀನ್ ಹಬ್ಬಕ್ಕೆ ಮುಖ ಕೊರೆಯಲೆಂದು ಬೆಳೆದವು. ಹೆಚ್ಚಿನವು ಕುಕುರ್ಬಿಟಾ ಪೆಪೊ ಜಾತಿಯವು, ಗೋಡೆ ತೆಳು, ನೀರು ಮತ್ತು ನಾರು. ವಿಷವೇನಲ್ಲ, ರುಚಿಯಿಲ್ಲ ಅಷ್ಟೇ.

ನಮ್ಮ ಹುಳಿಗೆ ಹತ್ತಿರವಾದದ್ದು ಬಟರ್‌ನಟ್. ಬೀಜದ ಡಬ್ಬಿಯವರು ಹೇಳಿದ ಮೊಸ್ಕಾಟಾ ಜಾತಿಯದೇ ಅದು. ಉದ್ದ ಕುತ್ತಿಗೆಯಲ್ಲಿ ಬೀಜವೇ ಇರುವುದಿಲ್ಲ, ಆ ಭಾಗದಿಂದ ಒಂದೇ ಗಾತ್ರದ ಹೋಳು ಸಿಗುತ್ತದೆ, ಹುಳಿಯಲ್ಲಿ ಚೆನ್ನಾಗಿ ನಿಲ್ಲುತ್ತದೆ. ಊರಿನ ಕಾಯಿಗಿಂತ ಸಿಹಿ ಜಾಸ್ತಿ, ಹುಣಸೆ ಒಂದು ಪಾಲು ಹೆಚ್ಚು ಹಾಕಿ. ಜಪಾನಿನ ಕಬೋಚ ಎಂಬ ಕಡುಹಸಿರು ಕಾಯಿ ಮ್ಯಾಕ್ಸಿಮಾ ಜಾತಿಯದು, ಬೆಂದರೆ ಗೆಣಸಿನಷ್ಟು ಒಣಹಿಟ್ಟು. ಎರಿಶ್ಶೇರಿಗೂ ಧಾರವಾಡದ ಪಲ್ಯಕ್ಕೂ ಒಪ್ಪುತ್ತದೆ, ಹುಳಿಗೆ ಬೇಡ. ಅದರ ಸಿಪ್ಪೆಯನ್ನೂ ತಿನ್ನಬಹುದು.

ಡಬ್ಬಿಯಲ್ಲಿ ಸಿಗುವ ಕುಂಬಳದ ತಿರುಳಿನಿಂದ ಗೊಜ್ಜು ಮಾಡಬಹುದು, ಚಪಾತಿ ಹಿಟ್ಟಿಗೂ ಕಲಸಬಹುದು. ಆದರೆ ಪಕ್ಕದಲ್ಲೇ ಅದೇ ಬಣ್ಣದ ಇನ್ನೊಂದು ಡಬ್ಬಿ ಇರುತ್ತದೆ, ಪೈ ಮಾಡಲು ಸಕ್ಕರೆ, ದಾಲ್ಚಿನ್ನಿ ಮೊದಲೇ ಬೆರೆಸಿದ್ದು. ಲೇಬಲ್ ಓದದೆ ತಂದು ಗೊಜ್ಜು ಮಾಡಿದರೆ ಅತಿಥಿಗಳು ಸುಮ್ಮನೆ ನೀರು ಕುಡಿಯುತ್ತಿರುತ್ತಾರೆ.

ಬೀಜದ ಡಬ್ಬಿ

ಒಂದು ಎಚ್ಚರಿಕೆ. ಯಾವ ಜಾತಿಯದೇ ಆಗಲಿ, ಕತ್ತರಿಸಿದಾಗ ಹಸಿ ತಿರುಳಿನ ಚೂರನ್ನು ನಾಲಿಗೆಗೆ ತಾಗಿಸಿ ನೋಡಿ. ಸಪ್ಪೆ ಇದ್ದರೆ ಪರವಾಗಿಲ್ಲ, ಸಿಹಿ ಇದ್ದರೂ ಸರಿ. ತೀವ್ರ ಕಹಿ ಇದ್ದರೆ ಇಡೀ ಕಾಯಿಯನ್ನು ಎಸೆಯಿರಿ. ಸೋರೆ, ಸೌತೆ, ಕುಂಬಳಗಳ ಈ ಕಹಿಗೆ ಕುಕುರ್ಬಿಟಾಸಿನ್ ಎಂಬ ವಸ್ತು ಕಾರಣ. ಬೇಯಿಸಿದರೆ ಹೋಗುವುದಿಲ್ಲ, ವಾಂತಿ ಭೇದಿ ಹಿಡಿಯುತ್ತದೆ. ಸಿಹಿಗುಂಬಳದಲ್ಲಿ ಇದು ಅಪರೂಪ, ಆದರೆ ಬೆಲ್ಲ ಹಾಕಿ ಸರಿಮಾಡುವ ಪ್ರಯತ್ನ ಮಾತ್ರ ಬೇಡ.

ಬಾಲ್ಕನಿ ತೋಟ, ಬೆಂಗಳೂರು

ಎಲ್ಲರಿಗೂ ಕೃತಜ್ಞತೆ. ನಿನ್ನೆ ಒಡೆದೆವು. ಇಡೀ ಕುಂಬಳವನ್ನು ಹೆಂಗಸರು ಒಡೆಯಬಾರದು ಎಂದು ಅತ್ತೆ ಪಟ್ಟು ಹಿಡಿದರು, ಮನೆಯವರು ಒಂದು ಗೀರು ಹಾಕಿಕೊಟ್ಟು ಟಿವಿ ಮುಂದೆ ಹೋದರು, ಉಳಿದ ಆರು ಕಿಲೋ ಕತ್ತರಿಸಿದವಳು ನಾನೇ. ತೊಟ್ಟಿಗೆ ಐದು ಏಣು ಇತ್ತು, ಅಂದರೆ ಮೊಸ್ಕಾಟಾ. ಹುಣಸೆ ಮೊದಲೇ ಹಾಕಿ ಬೋಳು ಹುಳಿ ಮಾಡಿದೆ, ಹೋಳು ಅಂಚು ಸಮೇತ ನಿಂತಿತು. ಬೆಲ್ಲ ಹಾಕಲಿಲ್ಲ, ಅತ್ತೆ ಅವರ ಬಟ್ಟಲಿಗೆ ತಾವೇ ಹಾಕಿಕೊಂಡರು. ಗುರೆಳ್ಳಿನ ಪಲ್ಯ ನಾಳೆಗೆ. ಅಕ್ಕಪಕ್ಕದ ಮನೆಗಳಿಗೆ ಕೊಟ್ಟೂ ಇನ್ನೂ ಎರಡು ಕಿಲೋ ಉಳಿದಿದೆ, ಅದನ್ನು ಫ್ರೀಜರಿನಲ್ಲಿ ಇಡಬಹುದೇ? ಸಿಪ್ಪೆ, ನಾರು, ಬೀಜ ಕೂಡ ರಾಶಿ ಬಿದ್ದಿದೆ.

ಹೊರನಾಡು, ನ್ಯೂಜೆರ್ಸಿ

ಇಡಬಹುದು. ಹೋಳನ್ನು ಕುದಿಯುವ ನೀರಿನಲ್ಲಿ ಎರಡು ಮೂರು ನಿಮಿಷ ಹಾಕಿ ತೆಗೆದು, ತಣ್ಣೀರಿಗೆ ಹಾಕಿ, ನೀರು ಒರೆಸಿ ಡಬ್ಬಿಗೆ ತುಂಬಿ. ಆದರೆ ಫ್ರೀಜರಿನಿಂದ ತೆಗೆದ ಹೋಳು ಮೆತ್ತಗಾಗುತ್ತದೆ, ಅದನ್ನು ಎರಿಶ್ಶೇರಿಗೋ ಗೊಜ್ಜಿಗೋ ಬಳಸಿ, ಹುಳಿಗೆ ಬೇಡ.

ಪುತ್ತೂರು ಮೆಟ್ಟುಕತ್ತಿ

ಸಿಪ್ಪೆ ಎಸೆಯುವುದುಂಟೇ! ಬೋಳು ಹುಳಿಗೆ ಸಿಪ್ಪೆ ಸಮೇತ ಹಾಕಿ ಎಂದರೂ ರಾಶಿ ಬಿದ್ದಿದೆ ಎಂದರೆ ಎಲ್ಲೋ ಹೆರೆದಿದ್ದೀರಿ. ಇರಲಿ. ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ ಎಣ್ಣೆಯಲ್ಲಿ ಬಾಡಿಸಿ, ಹುರಿದ ಉದ್ದಿನಬೇಳೆ, ಒಣಮೆಣಸು, ಹುಣಸೆ, ತೆಂಗಿನಕಾಯಿ ಸೇರಿಸಿ ಚಟ್ನಿ ರುಬ್ಬಿ. ಬೀಜದ ನಡುವಿನ ನಾರನ್ನೂ ಹಾಗೆಯೇ ಬಾಡಿಸಿ ಅದೇ ಚಟ್ನಿಗೆ ಸೇರಿಸಬಹುದು. ಬೀಜ ತೊಳೆದು ಒಣಗಿಸಿ, ಬಾಣಲೆಯಲ್ಲಿ ಉಪ್ಪುನೀರು ಚಿಮುಕಿಸಿ ಹುರಿಯಿರಿ.

ಬಾಲ್ಕನಿ ತೋಟ, ಬೆಂಗಳೂರು

ಬೀಜದಲ್ಲಿ ಒಂದೆರಡನ್ನು ಬಾಲ್ಕನಿಯ ಡ್ರಮ್ಮಿನಲ್ಲಿ ಊರಿದರೆ ಬರುತ್ತದೆಯೇ?

ಶಿರಸಿ ಹಿತ್ತಲು

ಬಳ್ಳಿ ಬರುತ್ತದೆ, ಕಾಯಿಯ ಮಾತು ಕೊಡಲಾರೆ. ಅದಕ್ಕೆ ಹಬ್ಬಲು ಮೂರು ನಾಲ್ಕು ಮೀಟರ್ ಜಾಗವೂ ಪೂರ್ತಿ ಬಿಸಿಲೂ ಬೇಕು. ಮೊದಲು ಬರುವುದೆಲ್ಲ ಗಂಡು ಹೂವು, ಹೆಣ್ಣು ಹೂವಿನ ಬುಡದಲ್ಲಿ ಗೋಲಿಯಷ್ಟು ಪುಟ್ಟ ಕಾಯಿ ಇರುತ್ತದೆ. ಮೇಲಿನ ಮಹಡಿಗೆ ಜೇನು ಬರದಿದ್ದರೆ ಬೆಳಗ್ಗೆ ಬೇಗ ಗಂಡು ಹೂವನ್ನು ಕಿತ್ತು ಹೆಣ್ಣು ಹೂವಿಗೆ ನೀವೇ ತಾಗಿಸಬೇಕು. ಉಳಿದ ಗಂಡು ಹೂವುಗಳನ್ನು ಕಡಲೆಹಿಟ್ಟಿನಲ್ಲಿ ಅದ್ದಿ ಭಜ್ಜಿ ಕರಿಯಿರಿ. ಕುಡಿಯನ್ನು ಮೂರು ನಾಲ್ಕು ಎಲೆ ಸಮೇತ ಚಿವುಟಿ, ದಂಟಿನ ಮೇಲಿನ ನಾರು ಎಳೆದು ತೆಗೆದು ಸೊಪ್ಪಿನ ಪಲ್ಯ ಮಾಡಿ. ಚಿವುಟಿದಲ್ಲಿ ಮತ್ತೆರಡು ಕವಲು ಒಡೆಯುತ್ತದೆ.